ಎಡವಿದ್ದೊಂದು ಕಡೆ, ಬಿದ್ದದ್ದೊಂದು ಕಡೆ

ದಾರಿಯಲ್ಲಿ ಕಲ್ಲನ್ನೆಡವಿದವನು ಆ ಕಲ್ಲಿನ ಪಕ್ಕದಲ್ಲಿಯೇ ಬೀಳುವುದು ಲೋಕದ ರೂಢಿ. ಅವನನ್ನು ಎತ್ತಿ ನಿಲ್ಲಿಸುವವರು ಕಾಲಬುಡದಲ್ಲಿಯೇ ಕಲ್ಲನ್ನು ಹುಡುಕುತ್ತಾರೆ; ಅದು ಅಲ್ಲಿಯೇ ಸಿಕ್ಕುತ್ತದೆ. ಆದರೆ ಹಂಪನಕಟ್ಟೆಯಲ್ಲಿ ಎಡವಿದವನೊಬ್ಬನು ಏನೂ ಆಗದವನಂತೆ ನಡೆದು ಹೋಗಿ ಉರ್ವದಲ್ಲಿ ಬಿದ್ದನೆಂದು ಊಹಿಸಿರಿ. ಉರ್ವದ ರಸ್ತೆಯನ್ನೆಲ್ಲ ಗುಡಿಸಿ ನೋಡಿದರೂ ಅವನನ್ನು ಬೀಳಿಸಿದ ಕಲ್ಲು ಅಲ್ಲಿ ಸಿಕ್ಕದು. ಮನುಷ್ಯರ ನಡಿಗೆಯಲ್ಲಿ ಇಂಥದು ನಡೆಯಲಾರದು. ಗಣಕಯಂತ್ರದ ಪ್ರೋಗ್ರಾಮುಗಳಲ್ಲಿ, ಅದರಲ್ಲಿಯೂ ‘ಸಿ’ ಎಂಬ ಭಾಷೆಯಲ್ಲಿ ಬರೆದವುಗಳಲ್ಲಿ, ಇದು ದಿನದಿನವೂ ನಡೆಯುತ್ತದೆ.

ಈ ವಿಚಿತ್ರಕ್ಕೆ ಕಾರಣವೇನು, ಎಡವಿದ ಕಲ್ಲನ್ನು ಕಂಡುಹಿಡಿಯುವ ಬಗೆ ಹೇಗೆ ಎಂಬುದನ್ನು ಗಣಕವಿಜ್ಞಾನವನ್ನು ಓದದ ಮಿತ್ರರಿಗೂ ತಿಳಿಯುವಂತೆ ಹೇಳುವುದು ಈ ಲೇಖನದ ಉದ್ದೇಶ. ನಿದರ್ಶನಕ್ಕಾಗಿ ನಾನು ದೂರ ಹೋಗಬೇಕಾಗಿಲ್ಲ. ನಾನೇ ಮಾಡಿದ ತಪ್ಪೊಂದಿದೆ. ಅದರಿಂದ ಒಬ್ಬ ಸಹಪಾಠಿನಿಗೆ ನನ್ನಿಂದ ಅನ್ಯಾಯವಾಯಿತು. ತಪ್ಪನ್ನು ನಾಲ್ಕು ಜನರೆದುರಿಗೆ ಅವರ ತಲೆಯ ಮೇಲೆ ಹೊರಿಸಿದವನು ಅದನ್ನು ಇಳಿಸುವುದೂ ನಾಲ್ಕು ಜನರೆದುರಿಗೇ ಆಗಬೇಕಷ್ಟೆ.

ನಡೆದದ್ದಿಷ್ಟು. ರಾಜ್ಯೋತ್ಸವದ ಪ್ರದರ್ಶನಕ್ಕೆಂದು ನಮ್ಮ ಕೆಲವು ಮಂದಿ ವಿದ್ಯಾರ್ಥಿಗಳು ಮಂಗಳೂರು ಮತ್ತು ಸುತ್ತಲಿನ ಊರುಕೇರಿಗಳ ಹೆಸರುಗಳನ್ನು ಸಂಗ್ರಹಿಸಿದರು. ಒಟ್ಟು ೩೧೨ ಹೆಸರುಗಳು. ಅವನ್ನೆಲ್ಲ ಕನ್ನಡದಲ್ಲಿ ಬೆರಳಚ್ಚು ಮಾಡುವ ಹೊಣೆಯನ್ನು ಇತಿಹಾಸದ ವಿದ್ಯಾರ್ಥಿನಿಯೊಬ್ಬರು ವಹಿಸಿಕೊಂಡರು. ಆ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಿ, ಎರಡು ಸಲ ಬಂದ ಹೆಸರುಗಳನ್ನು ತೆಗೆದುಹಾಕುವ ಪ್ರೋಗ್ರಾಮನ್ನು ಬರೆಯುವ ಹೊಣೆ ನನ್ನದು. ಸಿ ಭಾಷೆಯನ್ನು ಆಗತಾನೆ ಕಲಿತಿದ್ದ ಉತ್ಸಾಹದಲ್ಲಿ ನಾನು ಅದನ್ನು ಒಂದೇ ಸಂಜೆಯಲ್ಲಿ ಬರೆದು ಮುಗಿಸಿದೆ. ಇಂಗ್ಲಿಷ್ ಲಿಪಿಯಲ್ಲಿ ಬರೆದ ಹತ್ತು ಹೆಸರುಗಳನ್ನು ಕೊಟ್ಟು ಪರೀಕ್ಷಿಸಿದೆ. ಕೆಲಸ ಸುಸೂತ್ರವಾಗಿ ನಡೆಯಿತು.

ಬಳಿಕ ನಿಜವಾದ ಪಟ್ಟಿಯನ್ನು ಕೊಟ್ಟೆ. ಪ್ರೋಗ್ರಾಮು ಒಂದೊಂದೇ ಹೆಸರನ್ನು ಓದಿ, ತೆರೆಯ ಮೇಲೆ ತೋರಿಸಿ, ಆಮೇಲೆ ಅದಕ್ಕೆ ಮೆಮೊರಿಯಲ್ಲಿ ಜಾಗ ಪಡೆದು ಬರೆದಿಡುತ್ತದೆ. ಮಂಗಳೂರು, ಬಂದರು, ಕದ್ರಿ, ಬೋಳಾರ, ಅತ್ತಾವರ, ಕಂಕನಾಡಿ ಎಂದು ಹೆಸರುಗಳು ಸಾಲಾಗಿ ಬಂದವು. ೨೩ನೆಯದು ಹಂಪನಕಟ್ಟೆ. ೨೪ನೆಯದಾದ ಉರ್ವ ತೆರೆಯ ಮೇಲೆ ಕಾಣಿಸಿದೊಡನೆ ಪ್ರೋಗ್ರಾಮು ಸತ್ತುಬಿದ್ದಿತು. ‘ಮ್ಯಾಲಕ್: ಕರಪ್ಟೆಡ್ ಟಾಪ್ ಸೈಜ್’ ಎಂಬ ಒಂದು ಸಾಲು, ಅದರ ಕೆಳಗೆ ‘ಅಬಾರ್ಟೆಡ್’ ಎಂಬ ಒಂದು ಮಾತು. ಇಷ್ಟೇ ಅದರ ಮರಣಪತ್ರ.

ಉರ್ವದ ಬಳಿಯಲ್ಲಿ ಬಿದ್ದಿತಾದ್ದರಿಂದ ತಪ್ಪು ಉರ್ವದಲ್ಲಿಯೇ ಇರಬೇಕೆಂದು ನಾನು ತರ್ಕಿಸಿದೆ. ಆ ಹೆಸರನ್ನು ಪಟ್ಟಿಯಿಂದ ತೆಗೆದುಹಾಕಿದೆ. ಈಗ ಅದರ ಮುಂದಿನ ಬಿಜೈ ಎಂಬಲ್ಲಿ ಪ್ರೋಗ್ರಾಮು ಸತ್ತಿತು. ಬಿಜೈಯನ್ನೂ ತೆಗೆದೆ. ಅದರ ಮುಂದಿನ ಹೆಸರು ಬಲಿಯಾಯಿತು. ಹೀಗೆ ಒಂದೊಂದಾಗಿ ತೆಗೆಯುತ್ತ ಹೋದರೆ ಮಂಗಳೂರಿನಲ್ಲಿ ಊರೇ ಉಳಿಯುವುದಿಲ್ಲವೆಂದು ತೋರಿತು. ಕೊನೆಗೆ ಪ್ರಯೋಗಾಲಯದ ಹಳೆಯ ಯಂತ್ರವೊಂದರಲ್ಲಿ ಅದೇ ಪ್ರೋಗ್ರಾಮನ್ನು ಅದೇ ಪಟ್ಟಿಯೊಡನೆ ನಡೆಸಿ ನೋಡಿದೆ. ಆಶ್ಚರ್ಯ! ಅಲ್ಲಿ ಅದು ಸಾಯಲೇ ಇಲ್ಲ. ೩೧೨ ಹೆಸರುಗಳನ್ನೂ ಓದಿ ಮುಗಿಸಿತು. ಆದರೆ ಅಚ್ಚಾಗಿ ಬಂದ ಪಟ್ಟಿಯನ್ನು ನೋಡಿದರೆ ಹಂಪನಕಟ್ಟೆಯು ‘ಹಂಪನಕಟ್ಟ!’ ಎಂದಾಗಿತ್ತು. ಸುರತ್ಕಲ್ ‘ಸುರತ್ಕಲ್!’ ಆಗಿತ್ತು. ಪಾಂಡೇಶ್ವರವು ಕೊನೆಯ ಅಕ್ಷರವನ್ನು ಕಳೆದುಕೊಂಡು ‘ಪಾಂಡೇಶ್ವ!’ ಎಂದು ಉದ್ಗರಿಸುತ್ತಿತ್ತು.

ಈಗ ನನಗೆ ಎಲ್ಲವೂ ಅರ್ಥವಾದಂತಾಯಿತು. ಹೆಸರುಗಳ ತುದಿಯಲ್ಲಿ ಬೇಡದ ಚಿಹ್ನೆಗಳಿವೆ, ಕೆಲವೆಡೆ ಅಕ್ಷರಗಳು ಬಿಟ್ಟುಹೋಗಿವೆ. ಹಂಪನಕಟ್ಟ ಎಂದು ಹೇಳುವವರೂ ಊರಿನಲ್ಲಿ ಇರುವುದರಿಂದ ಎತ್ವ ಬಿಟ್ಟದ್ದೂ ಸಹಜವೇ. ಇದು ಬೆರಳಚ್ಚಿನ ಅಜಾಗರೂಕತೆಯಲ್ಲದೆ ಮತ್ತೇನು? ಗೆಳೆಯರೆಲ್ಲ ಇದ್ದಾಗಲೇ ನಾನು ಆ ಸಹಪಾಠಿನಿಗೆ ಹಾಗೆಂದು ಹೇಳಿಬಿಟ್ಟೆ. ಅವರು ಏನೂ ಎದುರಾಡಲಿಲ್ಲ. ಎರಡು ರಾತ್ರಿ ಕುಳಿತು ೩೧೨ ಹೆಸರುಗಳನ್ನೂ ಮತ್ತೆ ಮೊದಲಿನಿಂದ ಬೆರಳಚ್ಚು ಮಾಡಿ ತಂದರು. ಫಲಿತಾಂಶದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಾಗಲಿಲ್ಲ. ನನ್ನ ಯಂತ್ರದಲ್ಲಿ ಉರ್ವದ ಬಳಿ ಮರಣ. ಹಳೆಯ ಯಂತ್ರದಲ್ಲಿ ಅದೇ ಉದ್ಗಾರಗಳು.

ಆಗ ಅವರು ಅಚ್ಚಾದ ಪಟ್ಟಿಯನ್ನು ನನ್ನ ಮುಂದೆ ಹರಡಿ, “ಇಲ್ಲಿ ನೋಡು ಮಾರಾಯ. ಗಿಡ್ಡ ಹೆಸರಿಗೆ ಒಂದಕ್ಕೂ ಈ ಚಿಹ್ನೆ ಇಲ್ಲ. ಉದ್ದದ ಹೆಸರಿಗೆ ಮಾತ್ರ ಇದೆ. ನನ್ನ ಕೈ ಉದ್ದದ ಹೆಸರು ಬಂದಾಗ ಮಾತ್ರ ತಪ್ಪುತ್ತದಾ?” ಎಂದರು. ಸಿ ಭಾಷೆಯ ಒಂದು ಸಾಲನ್ನೂ ಓದದ ಇತಿಹಾಸದ ವಿದ್ಯಾರ್ಥಿನಿ ಆ ದಿನ ನನಗೆ ದಾರಿ ತೋರಿಸಿದರು. ಸಾಕ್ಷ್ಯವನ್ನು ಒಟ್ಟಿಗೆ ಇಟ್ಟು ನೋಡುವ ಅಭ್ಯಾಸ ಅವರಿಗಿತ್ತು, ನನಗಿರಲಿಲ್ಲ.

ಅವರ ಮಾತಿನ ಅರ್ಥವನ್ನು ತಿಳಿಯಬೇಕಾದರೆ ಮೆಮೊರಿ ಎಂಬುದರ ವ್ಯವಸ್ಥೆಯನ್ನು ಸ್ವಲ್ಪ ನೋಡಬೇಕು. ಮೆಮೊರಿಯನ್ನು ಉದ್ದಕ್ಕೆ ಬಿದ್ದಿರುವ ಗದ್ದೆಯ ಬಯಲೆಂದು ಭಾವಿಸಿರಿ. ಬಯಲಿನ ಅಳತೆಯ ಮೂಲಮಾನ ಬೈಟು. ನಮ್ಮ ಜಿಲ್ಲೆಯಲ್ಲಿ ಹಿಂದೆ ಗೇಣಿ ಪದ್ಧತಿಯಿತ್ತು. ೧೯೭೪ರ ಭೂಸುಧಾರಣೆಯ ತಿದ್ದುಪಡಿಯಿಂದ ಅದು ಕೊನೆಗೊಂಡರೂ ಮನೆಯ ಹಿರಿಯರ ಬಾಯಲ್ಲಿ ಅದರ ಕಥೆಗಳನ್ನು ನಾವೆಲ್ಲ ಕೇಳಿದ್ದೇವೆ. ಸಿ ಭಾಷೆಯ ಪ್ರೋಗ್ರಾಮೂ ಹಾಗೆಯೇ ಒಬ್ಬ ಒಕ್ಕಲು. ಜಾಗ ಬೇಕಾದಾಗ ಅದು ‘ಮ್ಯಾಲಕ್’ ಎಂಬ ಶಾನುಭೋಗನ ಬಳಿ ಹೋಗಿ, ‘ನನಗೆ ೨೦ ಬೈಟು ಬೇಕು’ ಎನ್ನುತ್ತದೆ. ಶಾನುಭೋಗನು ಬಯಲಿನಲ್ಲಿ ಒಂದು ತುಂಡನ್ನು ಅಳೆದು, ಅದು ಎಲ್ಲಿಂದ ಆರಂಭವಾಗುತ್ತದೆಂಬುದನ್ನು ಹೇಳುತ್ತಾನೆ. ಕೆಲಸ ಮುಗಿದ ಮೇಲೆ ಒಕ್ಕಲು ‘ಫ್ರೀ’ ಎಂದು ಹೇಳಿ ಆ ತುಂಡನ್ನು ಒಪ್ಪಿಸಬೇಕು.

ಈ ಶಾನುಭೋಗನು ತನ್ನ ಲೆಕ್ಕವನ್ನು ಎಲ್ಲಿ ಬರೆದಿಡುತ್ತಾನೆ ಎಂಬುದರಲ್ಲಿಯೇ ಇಡೀ ಕಥೆಯ ಮರ್ಮವಿದೆ. ಅವನಿಗೆ ಬೇರೆ ಕಚೇರಿಯಾಗಲಿ, ಬೀಗ ಹಾಕಿದ ಕಡತವಾಗಲಿ ಇಲ್ಲ. ಪ್ರತಿಯೊಂದು ತುಂಡಿನ ತಲೆಯಲ್ಲಿ ಒಂದು ಗಡಿಕಲ್ಲನ್ನು ನೆಟ್ಟು, ಆ ತುಂಡು ಎಷ್ಟು ಉದ್ದವೆಂಬುದನ್ನು ಅದರ ಮೇಲೆಯೇ ಕೆತ್ತಿಡುತ್ತಾನೆ. ಲೆಕ್ಕವೂ ಬಯಲಿನಲ್ಲಿಯೇ ಇದೆ, ಬೆಳೆಯೂ ಬಯಲಿನಲ್ಲಿಯೇ ಇದೆ. ಒಕ್ಕಲು ತನ್ನ ಗಡಿಯನ್ನು ಮೀರಿ ಉತ್ತರೆ ಅವನ ನೇಗಿಲು ತಾಗುವುದು ಪಕ್ಕದ ತುಂಡಿನ ಗಡಿಕಲ್ಲಿಗೆ. ಆ ಕ್ಷಣದಲ್ಲಿ ಯಾರೂ ಕೂಗುವುದಿಲ್ಲ. ಮುಂದೆ ಯಾವಾಗಲೋ ಶಾನುಭೋಗನು ಅಳತೆಗೆಂದು ಬಂದು ಆ ಕಲ್ಲನ್ನು ಓದಿದಾಗ ಮಾತ್ರ ಬೊಬ್ಬೆ ಏಳುತ್ತದೆ. ಆಗ ಎದುರಿಗೆ ನಿಂತಿರುವವನು ಉತ್ತವನಲ್ಲ. ಹೊಸದಾಗಿ ಜಾಗ ಕೇಳಲು ಬಂದ ನಿರಪರಾಧಿ.

ಇನ್ನು ಅಂಕೆಗಳನ್ನು ನೋಡೋಣ. ನಾನು ಇಂಗ್ಲಿಷ್ ಲಿಪಿಯ ಹೆಸರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಪ್ರತಿಯೊಂದು ಹೆಸರಿಗೂ ೨೦ ಬೈಟು ಸಾಕೆಂದು ಗೊತ್ತುಮಾಡಿದ್ದೆ. ಇಂಗ್ಲಿಷಿನಲ್ಲಿ ಒಂದು ಅಕ್ಷರಕ್ಕೆ ಒಂದು ಬೈಟು. ಹಂಪನಕಟ್ಟೆಯನ್ನು ಆ ಲಿಪಿಯಲ್ಲಿ ಬರೆದರೆ ೧೧ ಅಕ್ಷರ. ಹೆಸರು ಇಲ್ಲಿಗೆ ಮುಗಿಯಿತು ಎಂದು ತಿಳಿಸುವುದಕ್ಕೆ ಸಿ ಭಾಷೆ ಕೊನೆಯಲ್ಲಿ ಸೊನ್ನೆಯ ಒಂದು ಬೈಟನ್ನು ಸೇರಿಸುತ್ತದೆ. ಒಟ್ಟು ೧೨. ಇಪ್ಪತ್ತರಲ್ಲಿ ಧಾರಾಳವಾಗಿ ಹಿಡಿಯುತ್ತದೆ.

ಕನ್ನಡದ ಲೆಕ್ಕ ಬೇರೆ. ೧೯೯೧ರಲ್ಲಿ ಹೊರಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಅದರಲ್ಲಿ ವ್ಯಂಜನ, ಸ್ವರಚಿಹ್ನೆ, ಅನುಸ್ವಾರ, ವಿರಾಮ ಇವುಗಳಲ್ಲಿ ಒಂದೊಂದಕ್ಕೂ ಒಂದೊಂದು ಸಂಕೇತ. ಕೆನ್ ಥಾಮ್ಸನ್ ಮತ್ತು ರಾಬ್ ಪೈಕ್ ೧೯೯೨ರಲ್ಲಿ ರೂಪಿಸಿದ ಯುಟಿಎಫ್-೮ ಎಂಬ ಕ್ರಮದಲ್ಲಿ ಬರೆದಿಟ್ಟಾಗ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ೩ ಬೈಟು ಬೇಕು. ಹಂಪನಕಟ್ಟೆ ಎಂಬುದು ಕಣ್ಣಿಗೆ ಐದು ಅಕ್ಷರ. ಬಿಡಿಸಿದರೆ ಹ, ಅನುಸ್ವಾರ, ಪ, ನ, ಕ, ಟ, ವಿರಾಮ, ಮತ್ತೊಂದು ಟ, ಕೊನೆಗೆ ಎತ್ವ: ಒಂಬತ್ತು ಸಂಕೇತಗಳು. ಒಂಬತ್ತು ಮೂರಲಿ ೨೭. ಕೊನೆಯ ಸೊನ್ನೆಯೊಡನೆ ೨೮. ಇಪ್ಪತ್ತರ ತುಂಡಿನಲ್ಲಿ ಇಪ್ಪತ್ತೆಂಟು!

ಕಣ್ಣಿಗೆ ಒಂದಾಗಿ ಕಾಣುವ ಕನ್ನಡದ ಅಕ್ಷರ ಒಳಗೆ ಒಂದಲ್ಲ ಎಂಬುದು ಈ ಊರಿಗೆ ಹೊಸ ವಿಷಯವೇನೂ ಅಲ್ಲ. ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಅಚ್ಚುಕೂಟವನ್ನು ಸ್ಥಾಪಿಸಿದ್ದು ೧೮೪೧ರಲ್ಲಿ. ಮೋಗ್ಲಿಂಗರ ‘ಮಂಗಳೂರ ಸಮಾಚಾರ’ ೧೮೪೩ರಲ್ಲಿ ಇಲ್ಲಿಯೇ ಕಲ್ಲಚ್ಚಿನಲ್ಲಿ ಹೊರಬಂದಿತು. ಕಿಟೆಲರ ಮಹಾಕೋಶ ೧೮೯೪ರಲ್ಲಿ ಇಲ್ಲಿಯೇ ಪ್ರಕಟವಾಯಿತು. ಆ ಕಾಲದಿಂದ ಮೊನ್ನೆಮೊನ್ನೆಯವರೆಗೆ ಕನ್ನಡದ ಮೊಳೆಗಳನ್ನು ಜೋಡಿಸಿದ ಕೈಗಳಿಗೆಲ್ಲ, ಒತ್ತು ಗುಣಿತಗಳಿರುವ ಸಾಲಿಗೆ ಎಷ್ಟು ಮೊಳೆ ಬೇಕು, ಎಷ್ಟು ಜಾಗ ಬೇಕು ಎಂಬುದು ಅನುಭವದಿಂದ ತಿಳಿದಿತ್ತು. ಅವರ ಊರಿನಲ್ಲಿಯೇ ಹುಟ್ಟಿದ ನಾನು ಇಂಗ್ಲಿಷಿನ ಅಳತೆಗೋಲಿನಿಂದ ಕನ್ನಡವನ್ನು ಅಳೆದು ಎಡವಿದೆ.

ಇಪ್ಪತ್ತಕ್ಕಿಂತ ಹೆಚ್ಚು ಬರೆದ ಕೂಡಲೇ ಅನಾಹುತವಾಗುತ್ತದೆಯೆ? ಇಲ್ಲ. ೬೪ ಬಿಟ್ಟಿನ ಲಿನಕ್ಸ್ ಯಂತ್ರಗಳಲ್ಲಿ ಸಾಮಾನ್ಯವಾಗಿರುವ ಗ್ನೂ ಸಿ ಲೈಬ್ರರಿಯ ಶಾನುಭೋಗನು ೨೦ ಬೈಟು ಕೇಳಿದವನಿಗೆ ಗಡಿಕಲ್ಲಿನ ೮ನ್ನು ಕೂಡಿಸಿ, ಅದನ್ನು ೧೬ರ ಗುಣಕಕ್ಕೆ ಏರಿಸಿ, ೩೨ ಬೈಟಿನ ತುಂಡನ್ನು ಕೊಡುತ್ತಾನೆ. ಕಲ್ಲನ್ನು ಬಿಟ್ಟರೆ ಒಕ್ಕಲಿನ ಕೈಗೆ ಬರುವುದು ೨೪. ಅಂದರೆ ನಾಲ್ಕು ಬೈಟು ಪುಕ್ಕಟೆ. ‘ಮಂಗಳೂರು’ ಎಂಬ ಹೆಸರಿಗೆ ಏಳು ಸಂಕೇತ, ೨೧ ಬೈಟು, ಸೊನ್ನೆಯೊಡನೆ ೨೨. ಇದು ಕೇಳಿದ್ದಕ್ಕಿಂತ ಎರಡು ಹೆಚ್ಚು. ಆದರೂ ಪುಕ್ಕಟೆ ಜಾಗದಲ್ಲಿ ಸೇರಿಕೊಂಡುಬಿಟ್ಟಿತು. ತಪ್ಪಾಗಿತ್ತು, ತಪ್ಪು ಕಾಣಲಿಲ್ಲ.

ಹಂಪನಕಟ್ಟೆಯ ಮೊದಲ ಎಂಟು ಸಂಕೇತಗಳು ೨೪ ಬೈಟುಗಳನ್ನು ಸರಿಯಾಗಿ ತುಂಬಿದವು. ಒಂಬತ್ತನೆಯದಾದ ಎತ್ವ ಮುಂದಿನ ಗಡಿಕಲ್ಲಿನ ಮೇಲೆಯೇ ಹೋಗಿ ಕುಳಿತಿತು. ಆ ಕಲ್ಲಾದರೋ ಇನ್ನೂ ಯಾರಿಗೂ ಕೊಡದೆ ಉಳಿದ ಬಯಲಿನ ಅಳತೆಯ ಕಲ್ಲು. ‘ಟಾಪ್’ ಎಂದರೆ ಅದೇ. ಎತ್ವದ ಮೂರು ಬೈಟುಗಳನ್ನು ಅಂಕೆಯೆಂದು ಓದಿದರೆ ೮೮,೨೭,೮೭೨ ಆಗುತ್ತದೆ. ಶಾನುಭೋಗನು ಆರಂಭದಲ್ಲಿ ಪಡೆದ ಇಡೀ ಬಯಲೇ ೧,೩೫,೧೬೮ ಬೈಟು. ಉರ್ವಕ್ಕೆಂದು ಹೊಸ ತುಂಡನ್ನು ಕೇಳಿದಾಗ ಅವನು ಕಲ್ಲನ್ನು ಓದಿದ. ಉಳಿಕೆಯು ಒಟ್ಟಿಗಿಂತ ದೊಡ್ಡದಾಗಿರುವುದನ್ನು ಕಂಡು, ‘ಲೆಕ್ಕ ಕೆಟ್ಟಿದೆ’ ಎಂದು ಕೂಗಿ ಕೆಲಸವನ್ನು ನಿಲ್ಲಿಸಿದ. ತೆರೆಯ ಮೇಲೆ ಬಂದ ಆ ಇಂಗ್ಲಿಷ್ ಸಾಲಿನ ಅರ್ಥ ಇಷ್ಟೇ. ಉರ್ವಕ್ಕೆ ಬೇಕಾದದ್ದು ನಾಲ್ಕು ಸಂಕೇತದ ೧೨ ಬೈಟು, ಸೊನ್ನೆಗೆ ಇನ್ನೊಂದು, ಒಟ್ಟು ೧೩. ಅದರಷ್ಟು ಸಾಧುವಾದ ಹೆಸರು ಪಟ್ಟಿಯಲ್ಲಿ ಅಪರೂಪ.

ಹಳೆಯ ಯಂತ್ರದಲ್ಲಿ ಬೊಬ್ಬೆ ಏಕೆ ಏಳಲಿಲ್ಲ? ಉಳಿಕೆಯನ್ನು ಒಟ್ಟಿನೊಡನೆ ಹೋಲಿಸಿ ನೋಡುವ ಈ ತಪಾಸಣೆ ಗ್ನೂ ಸಿ ಲೈಬ್ರರಿಗೆ ಸೇರಿದ್ದು ೨೦೧೯ರಲ್ಲಿ ಹೊರಬಂದ ೨.೨೯ನೆಯ ಆವೃತ್ತಿಯಲ್ಲಿ. ಅದಕ್ಕೆ ಹಿಂದಿನ ಶಾನುಭೋಗನು ಕಲ್ಲಿನ ಮೇಲಿದ್ದ ಅಂಕೆಯನ್ನು ನಂಬಿ, ಉರ್ವದ ತುಂಡನ್ನು ಅಳೆದು, ಅದರ ತಲೆಯ ಕಲ್ಲಿನ ಮೇಲೆ ತನ್ನ ಕ್ರಮದಂತೆ ಹೊಸ ಅಂಕೆಯನ್ನು ಕೆತ್ತಿದ. ತುಂಡಿನ ಉದ್ದ ೩೨, ಹಿಂದಿನ ತುಂಡು ಬಳಕೆಯಲ್ಲಿದೆ ಎಂಬುದಕ್ಕೆ ಗುರುತಾಗಿ ೧, ಒಟ್ಟು ೩೩. ಈ ೩೩ ಬಂದು ಕುಳಿತದ್ದು ಎತ್ವವಿದ್ದ ಜಾಗದಲ್ಲಿಯೇ. ಗಣಕಯಂತ್ರದ ಅಕ್ಷರಗಳ ಪಟ್ಟಿಯಲ್ಲಿ ೩೩ ಎಂದರೆ ಯಾವುದು ಗೊತ್ತೆ? ಆಶ್ಚರ್ಯಸೂಚಕ ಚಿಹ್ನೆ! ಎತ್ವ ಅಳಿಸಿಹೋಯಿತು, ಚಿಹ್ನೆ ಕಾಣಿಸಿಕೊಂಡಿತು. ‘ಹಂಪನಕಟ್ಟ!’ ಎಂಬಲ್ಲಿ ಕೊನೆಗೆ ನಿಂತಿದ್ದುದು ಯಾರ ಕೈತಪ್ಪೂ ಅಲ್ಲ. ಅದು ಪಕ್ಕದವನ ಗಡಿಕಲ್ಲು. ಎಂಟು ಅಥವಾ ಹೆಚ್ಚು ಸಂಕೇತಗಳುಳ್ಳ ಹೆಸರುಗಳಿಗೆ ಮಾತ್ರ ಈ ಗತಿಯಾಯಿತು. ನನ್ನ ಸಹಪಾಠಿನಿ ಗುರುತಿಸಿದ್ದು ಇದನ್ನೇ.

ಈ ಕಾರಣವನ್ನು ನಾನು ಕಂಡುಹಿಡಿದದ್ದು ಹೇಗೆ ಎಂಬುದನ್ನು ಇನ್ನು ಹೇಳುತ್ತೇನೆ. ಇದೇ ಕಷ್ಟಕ್ಕೆ ಸಿಕ್ಕುವವರಿಗೆ ಅದು ಉಪಯೋಗವಾದೀತು.

ಮೊದಲನೆಯ ಉಪಾಯಕ್ಕೆ ಯಾವ ಸಲಕರಣೆಯೂ ಬೇಡ. ಪಟ್ಟಿಯನ್ನು ಅರ್ಧ ಮಾಡಿ, ಯಾವ ಅರ್ಧದಲ್ಲಿ ಪ್ರೋಗ್ರಾಮು ಸಾಯುತ್ತದೆಂದು ನೋಡುವುದು. ಆ ಅರ್ಧವನ್ನು ಮತ್ತೆ ಅರ್ಧ ಮಾಡುವುದು. ೩೧೨ ಹೆಸರುಗಳಾದರೂ ಒಂಬತ್ತು ಹತ್ತು ಸಲದಲ್ಲಿ ಕೊನೆ ಮುಟ್ಟುತ್ತೇವೆ. ಹೀಗೆ ಮಾಡಿದಾಗ ನನ್ನ ಕೈಯಲ್ಲಿ ಎರಡೇ ಹೆಸರು ಉಳಿದವು: ಹಂಪನಕಟ್ಟೆ, ಉರ್ವ. ಎರಡೂ ಇದ್ದರೆ ಮರಣ. ಉರ್ವವೊಂದೇ ಇದ್ದರೆ ಇಲ್ಲ. ಕ್ರಮವನ್ನು ತಿರುಗಿಸಿ ಉರ್ವವನ್ನು ಮೊದಲಿಗೆ, ಹಂಪನಕಟ್ಟೆಯನ್ನು ಆಮೇಲೆ ಇಟ್ಟರೂ ಇಲ್ಲ. ಇದನ್ನು ನೋಡಿದ ಮೇಲೆ ನಾನು ಉರ್ವದ ಮೇಲಿನ ಆರೋಪವನ್ನು ಹಿಂದಕ್ಕೆ ಪಡೆದೆ. ಬಿದ್ದ ಹೆಸರಿನ ಮೊದಲು ಬಂದದ್ದು ಯಾವುದು ಎಂದು ಕೇಳುವ ಬುದ್ಧಿ ಆಗ ಬಂದಿತು.

ಎರಡನೆಯದು ಜಿಡಿಬಿ ಎಂಬ ಶೋಧಕ. ರಿಚರ್ಡ್ ಸ್ಟಾಲ್‌ಮನ್ನರು ೧೯೮೬ರಲ್ಲಿ ಬರೆದದ್ದು. ಪ್ರೋಗ್ರಾಮು ಸತ್ತಾಗ ಅದು ಯಾವ ಸಾಲಿನಲ್ಲಿತ್ತು, ಯಾವ ದಾರಿಯಿಂದ ಅಲ್ಲಿಗೆ ಬಂದಿತು ಎಂಬುದನ್ನು ಇದು ಪ್ರಾಮಾಣಿಕವಾಗಿ ಹೇಳುತ್ತದೆ. ಬೇರೆ ಬಗೆಯ ತಪ್ಪುಗಳಲ್ಲಿ ಇದರಷ್ಟು ಉಪಕಾರಿ ಮತ್ತೊಂದಿಲ್ಲ. ಆದರೆ ಇದು ತೋರಿಸುವುದು ಬಿದ್ದ ಜಾಗವನ್ನು. ನನ್ನ ಪ್ರಸಂಗದಲ್ಲಿ ಅದು ತೋರಿಸಿದ್ದು ಜಾಗ ಕೇಳುವ ಸಾಲನ್ನು. ಆ ಸಾಲಿನಲ್ಲಿ ಒಂದು ಚುಕ್ಕೆಯೂ ತಪ್ಪಿರಲಿಲ್ಲ. ಸಂದೇಶದಲ್ಲಿ ಮ್ಯಾಲಕ್ ಅಥವಾ ಫ್ರೀ ಎಂಬ ಹೆಸರು ಬಂದರೆ ‘ಶಾನುಭೋಗನು ಕೆಟ್ಟ ಲೆಕ್ಕವನ್ನು ಕಂಡಿದ್ದಾನೆ, ಕೆಡಿಸಿದವನು ಇದಕ್ಕೆ ಮೊದಲೇ ಬಂದುಹೋಗಿದ್ದಾನೆ’ ಎಂದು ಓದಿಕೊಳ್ಳುವುದೇ ಸರಿ.

ಮೂರನೆಯದು ಕಾವಲುಗಾರರನ್ನು ನಿಲ್ಲಿಸುವುದು. ಇಂಥವರು ಇಬ್ಬರು ಪ್ರಸಿದ್ಧರು. ಜೂಲಿಯನ್ ಸೆವಾರ್ಡ್ ರೂಪಿಸಿ ೨೦೦೨ರಲ್ಲಿ ಹೊರತಂದ ವ್ಯಾಲ್‌ಗ್ರಿಂಡ್ ಒಂದು. ಗೂಗಲಿನ ಎಂಜಿನಿಯರುಗಳು ೨೦೧೨ರಲ್ಲಿ ಪ್ರಕಟಿಸಿದ ಅಡ್ರೆಸ್ ಸ್ಯಾನಿಟೈಜರ್ ಮತ್ತೊಂದು. ವ್ಯಾಲ್‌ಗ್ರಿಂಡ್ ಪ್ರೋಗ್ರಾಮಿನ ಪ್ರತಿಯೊಂದು ಹೆಜ್ಜೆಯನ್ನೂ ತಾನೇ ಹಿಡಿದು ನಡೆಸುತ್ತದೆ. ಆದುದರಿಂದ ವೇಗ ಹತ್ತಾರು ಪಟ್ಟು ಕುಂದುತ್ತದೆ. ಎರಡನೆಯದು ಕಂಪೈಲರಿನ ಒಳಗೇ ಇದೆ. ಕಂಪೈಲ್ ಮಾಡುವಾಗ ‘ಹೈಫನ್ ಎಫ್‌ಸ್ಯಾನಿಟೈಜ್ ಈಕ್ವಲ್ಸ್ ಅಡ್ರೆಸ್’ ಎಂಬ ಸೂಚನೆಯನ್ನೂ, ಸಾಲುಗಳ ಸಂಖ್ಯೆ ಉಳಿಯುವಂತೆ ‘ಹೈಫನ್ ಜಿ’ ಎಂಬುದನ್ನೂ ಕೊಟ್ಟರೆ ಸಾಕು. ವೇಗ ಸುಮಾರು ಎರಡು ಪಟ್ಟು ಮಾತ್ರ ಕುಂದುತ್ತದೆ. ಇದು ಪ್ರತಿಯೊಂದು ತುಂಡಿನ ಎರಡು ಬದಿಗೂ ನಿಷೇಧಿತ ಪಟ್ಟಿಗಳನ್ನಿಟ್ಟು, ಅದರ ಮೇಲೆ ಕಾಲಿಟ್ಟ ಕ್ಷಣದಲ್ಲಿಯೇ ಕೈ ಹಿಡಿಯುತ್ತದೆ. ಎಡವಿದ ಜಾಗ, ಬಿದ್ದ ಜಾಗ ಎರಡೂ ಒಂದೇ ಆಗುವಂತೆ ಮಾಡುವುದೇ ಇದರ ಉಪಕಾರ.

ಕಾವಲುಗಾರನನ್ನು ನಿಲ್ಲಿಸಿ ಪ್ರೋಗ್ರಾಮನ್ನು ನಡೆಸಿದೆ. ಅದು ಹಂಪನಕಟ್ಟೆಯವರೆಗೂ ಹೋಗಲಿಲ್ಲ. ಪಟ್ಟಿಯ ಮೊದಲನೆಯ ಹೆಸರಿನಲ್ಲಿಯೇ ನಿಂತಿತು. ‘೨೦ ಬೈಟಿನ ತುಂಡಿಗೆ ೨೨ ಬೈಟು ಬರೆಯುತ್ತಿದ್ದೀಯೆ’ ಎಂಬುದು ಅದರ ವರದಿಯ ಸಾರ. ಬರೆದ ಸಾಲು ಯಾವುದು, ಜಾಗ ಕೇಳಿದ ಸಾಲು ಯಾವುದು ಎಂಬುದೂ ಅದರೊಡನಿತ್ತು. ಆ ಮೊದಲನೆಯ ಹೆಸರು ‘ಮಂಗಳೂರು’. ಪುಕ್ಕಟೆ ಜಾಗದಲ್ಲಿ ಅಡಗಿ, ಯಾವ ಯಂತ್ರದಲ್ಲಿಯೂ ದೂರು ಬರದೆ, ಇಷ್ಟು ದಿನ ಸಾಧುವೆನಿಸಿಕೊಂಡಿದ್ದ ನಮ್ಮೂರೇ ಮೊದಲು ಗಡಿ ದಾಟಿತ್ತು. ಅಥವಾ ಊರಿನದೇನು ತಪ್ಪು? ಗಡಿಯನ್ನು ಚಿಕ್ಕದಾಗಿ ಗೊತ್ತುಮಾಡಿದವನು ನಾನು.

ಪರಿಹಾರ ಒಂದೇ ಸಾಲಿನದು. ೨೦ ಎಂದು ಮೊದಲೇ ನಿಶ್ಚಯಿಸುವ ಬದಲು, ಬಂದ ಹೆಸರಿನ ಬೈಟುಗಳನ್ನು ಎಣಿಸಿ, ಕೊನೆಯ ಸೊನ್ನೆಗೆ ಒಂದನ್ನು ಕೂಡಿಸಿ, ಅಷ್ಟು ಜಾಗವನ್ನು ಕೇಳುವುದು. ಆ ಒಂದನ್ನು ಕೂಡಿಸಲು ಮರೆಯುವವರು ಬಹಳ ಮಂದಿ. ಅದೂ ಇದೇ ಜಾತಿಯ ತಪ್ಪು. ಜಾಗ ದೊರೆಯದಿದ್ದಾಗ ಶಾನುಭೋಗನು ಬರಿಗೈ ತೋರಿಸುತ್ತಾನೆ. ಅದನ್ನು ನೋಡಿಕೊಳ್ಳುವುದೂ ಅವಶ್ಯಕ.

ಗಡಿ ದಾಟುವುದಲ್ಲದೆ ಈ ಗೇಣಿಯ ವ್ಯವಹಾರದಲ್ಲಿ ಇನ್ನೂ ಮೂರು ಬಗೆಯ ತಪ್ಪುಗಳುಂಟು. ಒಪ್ಪಿಸಿಬಿಟ್ಟ ಗದ್ದೆಗೆ ಮತ್ತೆ ಕೊಯ್ಲಿಗೆ ಹೋಗುವುದು ಒಂದು. ಅಷ್ಟರಲ್ಲಿ ಅದು ಬೇರೊಬ್ಬನ ಪಾಲಾಗಿರಬಹುದು. ಅವನ ಬೆಳೆಯನ್ನು ಇವನು ಕೊಯ್ಯುತ್ತಾನೆ. ಒಂದೇ ಗದ್ದೆಯನ್ನು ಎರಡು ಸಲ ಒಪ್ಪಿಸುವುದು ಇನ್ನೊಂದು. ಹಾಗಾದಾಗ ಖಾಲಿ ಜಾಗಗಳ ಪಟ್ಟಿಯಲ್ಲಿ ಅದು ಎರಡು ಸಲ ಸೇರಿ, ಇಬ್ಬರಿಗೆ ಒಂದೇ ಗದ್ದೆ ದೊರೆಯುವ ಪ್ರಮಾದವುಂಟು. ಉಳದೆಯೂ ಒಪ್ಪಿಸದೆಯೂ ಇಟ್ಟುಕೊಳ್ಳುವುದು ಮೂರನೆಯದು. ಇದರಿಂದ ಒಮ್ಮೆಗೇ ಮರಣವಿಲ್ಲ. ಆದರೆ ದಿನಗಟ್ಟಲೆ ನಡೆಯುವ ಪ್ರೋಗ್ರಾಮಿನಲ್ಲಿ ಬಯಲೇ ಮುಗಿದುಹೋಗುತ್ತದೆ. ಮೊದಲಿನ ಎರಡರಲ್ಲಿಯೂ ಎಡವುವುದೊಂದು ಕಡೆ, ಬೀಳುವುದು ಮತ್ತೊಂದು ಕಡೆ. ಮೇಲೆ ಹೇಳಿದ ಕಾವಲುಗಾರರು ಇವುಗಳನ್ನೂ ಹಿಡಿಯಬಲ್ಲರು.

ಸಿ ಭಾಷೆಯೇ ಗಡಿಯನ್ನು ಏಕೆ ಕಾಯುವುದಿಲ್ಲವೆಂದು ನೀವು ಕೇಳಬಹುದು. ಡೆನ್ನಿಸ್ ರಿಚಿಯವರು ಬೆಲ್ ಪ್ರಯೋಗಾಲಯದಲ್ಲಿ ೧೯೭೨ರ ಸುಮಾರಿಗೆ ಇದನ್ನು ರೂಪಿಸಿದಾಗ ಯಂತ್ರಗಳು ಚಿಕ್ಕವು, ನಿಧಾನವಾದವು. ಯುನಿಕ್ಸ್ ಕಾರ್ಯಾಚರಣ ವ್ಯವಸ್ಥೆಯನ್ನೇ ಬರೆಯುವುದಕ್ಕೆ ಬೇಕಾಗಿದ್ದ ಭಾಷೆಯಾದ್ದರಿಂದ, ಹೆಜ್ಜೆಹೆಜ್ಜೆಗೂ ತಪಾಸಣೆಯ ಹೊರೆಯನ್ನು ಹೊರಿಸದೆ ಬರೆಯುವವನ ಎಚ್ಚರವನ್ನು ನಂಬಲಾಯಿತು. ೨೦೧೫ರಲ್ಲಿ ಮೊದಲ ಸ್ಥಿರ ಆವೃತ್ತಿಯನ್ನು ಕಂಡ ರಸ್ಟ್ ಮುಂತಾದ ಹೊಸ ಭಾಷೆಗಳು ಗಡಿಯನ್ನು ತಾವೇ ಕಾಯುತ್ತವೆ. ಆದರೂ ಲಿನಕ್ಸಿನ ಬಹುಭಾಗ ಇಂದಿಗೂ ಸಿ ಭಾಷೆಯಲ್ಲಿಯೇ ಇದೆ. ನಾವು ಸುಲಭವೆಂದು ಕಲಿಯುವ ಪೈಥಾನಿನ ಮುಖ್ಯ ಯಂತ್ರಾಂಗವೂ ಸಿ ಭಾಷೆಯಲ್ಲಿಯೇ ಬರೆದದ್ದು. ಮನೆಯ ಅಡಿಪಾಯವನ್ನು ಅರಿಯದೆ ಮಾಳಿಗೆಯಲ್ಲಿ ವಾಸಿಸಬಹುದು, ದುರಸ್ತಿ ಮಾಡಲಾಗದು.

ಇದು ವಿದ್ಯಾರ್ಥಿಗಳ ಕೈತಪ್ಪು ಮಾತ್ರವೆಂದು ತಿಳಿಯಬಾರದು. ತನ್ನ ತಂತ್ರಾಂಶಗಳಲ್ಲಿ ವರ್ಷವರ್ಷವೂ ಸರಿಪಡಿಸುವ ಭದ್ರತಾ ದೋಷಗಳಲ್ಲಿ ಸುಮಾರು ಶೇಕಡಾ ೭೦ ಮೆಮೊರಿಯ ಇಂಥ ತಪ್ಪುಗಳೇ ಎಂದು ಮೈಕ್ರೋಸಾಫ್ಟ್ ಸಂಸ್ಥೆ ೨೦೧೯ರಲ್ಲಿ ತಿಳಿಸಿತು. ೨೦೨೪ರ ಜುಲೈ ೧೯ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆಯ ಒಂದು ಹೊಸ ಕಡತದಿಂದ ಪ್ರಪಂಚದಲ್ಲಿ ಸುಮಾರು ೮೫ ಲಕ್ಷ ಯಂತ್ರಗಳು ನಿಂತುಹೋದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಯಿಂದ ಬರೆದ ಬೋರ್ಡಿಂಗ್ ಪಾಸುಗಳನ್ನು ಕೊಡಬೇಕಾಯಿತು. ಅಲ್ಲಿ ನಡೆದದ್ದು ಬರೆಯುವ ತಪ್ಪಲ್ಲ, ಓದುವ ತಪ್ಪು. ಇದ್ದದ್ದು ೨೦ ಅಂಶಗಳು. ಪ್ರೋಗ್ರಾಮು ಗಡಿಯಾಚೆಗೆ ಕೈಚಾಚಿ ೨೧ನೆಯದನ್ನು ಓದಹೋಯಿತು. ಒಂದು ಹೆಚ್ಚು, ಅಷ್ಟೆ.

ನನ್ನ ಪ್ರೋಗ್ರಾಮಿಗೆ ಯಾರ ವಿಮಾನವೂ ತಪ್ಪಲಿಲ್ಲ. ಆದರೆ ಒಬ್ಬರ ಎರಡು ರಾತ್ರಿಯ ನಿದ್ರೆ ಹೋಯಿತು. ಅದಕ್ಕಿಂತ ಹೆಚ್ಚಾಗಿ, ಅವರ ಕೆಲಸದ ಮೇಲೆ ಗೆಳೆಯರೆದುರಿಗೆ ಸುಳ್ಳು ಕಳಂಕ ಬಂದಿತು. ಬಿದ್ದ ಜಾಗದಲ್ಲಿ ಯಾರು ನಿಂತಿದ್ದರೋ ಅವರನ್ನೇ ಹಿಡಿಯುವುದು ಯಂತ್ರಕ್ಕೆ ಬಂದ ಬುದ್ಧಿಯಲ್ಲ, ನಮ್ಮದು. ಯಂತ್ರವಾದರೋ ‘ಲೆಕ್ಕ ಕೆಟ್ಟಿದೆ’ ಎಂದಷ್ಟೇ ಹೇಳಿತ್ತು. ಕೆಡಿಸಿದವರು ಯಾರೆಂದು ಹೇಳಿರಲಿಲ್ಲ. ಹೆಸರನ್ನು ಸೇರಿಸಿದವನು ನಾನು.

ರಾಜ್ಯೋತ್ಸವದ ದಿನ ಪಟ್ಟಿ ಸಭಾಂಗಣದ ಗೋಡೆಯ ಮೇಲೆ ಬಂದಿತು. ಹಂಪನಕಟ್ಟೆಗೆ ಅದರ ಎತ್ವವೂ ಪಾಂಡೇಶ್ವರಕ್ಕೆ ಅದರ ರಕಾರವೂ ಮರಳಿದ್ದವು. ಉರ್ವವನ್ನೂ ಬಿಜೈಯನ್ನೂ ನಾನೇ ನನ್ನ ಕೈಯಿಂದ ಪಟ್ಟಿಗೆ ಮತ್ತೆ ಸೇರಿಸಿದ್ದೆ. ನನ್ನ ಸಹಪಾಠಿನಿ ಬೆರಳಿಟ್ಟು ಒಂದೊಂದೇ ಹೆಸರನ್ನು ಓದುತ್ತ ಹೋದರು. ಮುಗಿದ ಮೇಲೆ, “ಈಗ ಒಂದು ತಪ್ಪೂ ಇಲ್ಲ” ಎಂದರು. ಮೊದಲೂ ಅವರದೊಂದು ತಪ್ಪೂ ಇರಲಿಲ್ಲವೆಂಬುದನ್ನು ಈ ಪುಟಗಳ ಮೂಲಕ ಎಲ್ಲರಿಗೂ ತಿಳಿಯಪಡಿಸುತ್ತೇನೆ.